ಸುಳಿ ನೋಡಿದ ಮೇಲೆ

ಮಲ್ಗಾ ಡೌನ್ಸ್,
ಕುರಿಂಬಾ ಊರ ಹತ್ತಿರ,
ಪಶ್ಚಿಮ ಕ್ವೀನ್ಸ್‌ಲ್ಯಾಂಡ್.
ಭಾನುವಾರ, 17 ಆಗಸ್ಟ್ 1997

ಸೀಗಡಿಕುಲತಿಲಕ, ಕಾರ್ಪೆಂಟೇರಿಯಾ ಕೊಲ್ಲಿಯ ಅನಭಿಷಿಕ್ತ ದೊರೆ, ದೋಣಿಯ ಅಡುಗೆಭಟ್ಟ ಎಮೆಟ್ ಅಣ್ಣನವರ ಪಾದಾರವಿಂದಗಳಿಗೆ (ಅವು ಈಗ ಯಾವ ವಾಸನೆ ಹೊಡೆಯುತ್ತಿವೆಯೋ ದೇವರೇ ಬಲ್ಲ) ತಂಗಿ ಬ್ರೈಡಿ ಮೂಗು ಮುಚ್ಚಿಕೊಂಡು ಮಾಡುವ ನಮಸ್ಕಾರಗಳು.

ಕಾಗದ ತಡವಾಯಿತು. ಕಾರಣಗಳನ್ನು ಒಂದೊಂದಾಗಿ ನಿವೇದಿಸಿಕೊಳ್ಳೋಣ ಎಂದು ಹೊರಟೆ. ಮೊದಲನೆಯದು ಸೋಮಾರಿತನ ಎಂದು ಬರೆದ ಮೇಲೆ ಎರಡನೆಯದು ಹೊಳೆಯಲೇ ಇಲ್ಲ. ಕ್ಷಮಿಸು. ದೋಣಿಗೆ ರೇಡಿಯೋದಲ್ಲೇ ಮಾತಾಡಬಹುದಿತ್ತು, ಕ್ಯಾರಿನ್ ಅತ್ತಿಗೆ ಬೇಡ ಅಂದಳು. "ಆ ರೇಡಿಯೋದಲ್ಲಿ ಒಂದ್ ಸಲ ಕೆಮ್ಮಿದ್ರೆ ಕೊಲ್ಲಿಯಲ್ಲಿರೋ ಅಷ್ಟೂ ದೋಣಿಯೋರು ಔಷಧಿ ಹೇಳ್ತಾರೆ. ನನ್ ಮಗಳ ವಿಷಯ ಅಷ್ಟು ಕಿವಿಗೆ ಬೀಳೋದ್ ಬೇಡ. ನೀನೇ ಬರಿ ಬ್ರೈಡಿ. ನಾನ್ ಕೂತ್ರೆ ಅಳು ಬರತ್ತೆ." ಹಾಗಾಗಿ ಅಳು ಬಾರದವಳು ಬರೆಯುತ್ತಿದ್ದಾಳೆ. ಸೀಗಡಿ ಒಯ್ಯಲು ಬರುವ ದೊಡ್ಡ ಹಡಗು ಇದನ್ನು ನಿನಗೆ ಮುಟ್ಟಿಸುವ ಹೊತ್ತಿಗೆ ಮೀನಿನೆಣ್ಣೆ ಮೆತ್ತಿಕೊಂಡಿದ್ದರೆ ಅದು ನನ್ನ ತಪ್ಪಲ್ಲ.

ಮೊದಲು ಕ್ಷೇಮ ಸಮಾಚಾರ. ಅಪ್ಪನ ಸೊಂಟ ಬೆಳಗಿನ ಚಳಿಗೆ ಹಿಡಿದುಕೊಳ್ಳುತ್ತದೆ, ಬಾಯಿ ಹಿಡಿದುಕೊಳ್ಳುವುದಿಲ್ಲ. ಕೆಂಪಿ ಕುದುರೆಯ ಮರಿ ಬೇಲಿಗೆ ಉಜ್ಜಿಕೊಂಡು ಭುಜ ಕೆರೆದುಕೊಂಡಿದೆ. ಮಳೆ ಇಲ್ಲ; ಈ ಸೀಮೆಯಲ್ಲಿ ಆಗಸ್ಟ್‌ ಮಳೆಯನ್ನು ಕಂಡು ಕೇಳಿದವರೂ ಇಲ್ಲ. ನಿನ್ನ ಮಗಳು ನೆಸ್ಸಾ ಒಂದು ಅಂಗುಲ ಉದ್ದವಾಗಿದ್ದಾಳೆ, ಒಂದು ಹಲ್ಲು ಕಮ್ಮಿಯಾಗಿದ್ದಾಳೆ. ನೀನು ಹೋದ ಮೇಲೆ ಅವಳಿಗೆ ಹೊಸ ಚಾಳಿ ಬಂದಿದೆ. ಮಧ್ಯಾಹ್ನದ ರೇಡಿಯೋದಲ್ಲಿ ಬರುವ ದನದ ಸಂತೆಯ ದರಪಟ್ಟಿಯನ್ನು ಒಂದಕ್ಷರ ಬಿಡದೆ ಒಪ್ಪಿಸುತ್ತಾಳೆ. "ಕೊಬ್ಬಿದ ಹೋರಿ, ಸ್ಥಿರ. ಹಾಲುಬಿಟ್ಟ ಕರು, ಏರುಮುಖ. ಮುದಿ ಹಸು, ಇಳಿಮುಖ." ಊಟ ಹೇಗಿದೆ ಪುಟ್ಟಿ ಎಂದು ಕೇಳಿದರೆ "ಸ್ಥಿರ" ಅನ್ನುತ್ತಾಳೆ. ನಾನು ಮಾಡಿದ ಅಡುಗೆಗೆ ಅದಕ್ಕಿಂತ ಒಳ್ಳೆಯ ಪ್ರಶಂಸಾಪತ್ರ ಈವರೆಗೆ ಸಿಕ್ಕಿಲ್ಲ.

ಈಗ ವಿಷಯ. ಶಾಲೆಯ ಗಂಟೆ ಹೊಡೆದರೆ ನೆಸ್ಸಾ ಕಿವಿ ಮುಚ್ಚಿಕೊಂಡು ರಸ್ತೆಗೆ ಓಡುತ್ತಾಳೆ. ಆ ರಸ್ತೆಯಲ್ಲಿ ದನದ ಲಾರಿಗಳು ಯಾವ ವೇಗದಲ್ಲಿ ಹೋಗುತ್ತವೆಂದು ನಿನಗೆ ಗೊತ್ತು. ಮುಖ್ಯೋಪಾಧ್ಯಾಯಿನಿ ಮಿಸ್ ಲಸ್ಕಂಬ್ ಅತ್ತಿಗೆಯನ್ನು ಕರೆಸಿ ಹೇಳಿದರು: "ಬಾಗಿಲು ಕಾಯ್ತಾ ಪಾಠ ಮಾಡೋಕೆ ನನ್ ಕೈಲಾಗಲ್ಲ ಕ್ಯಾರಿನ್. ಅವಳ ಜೊತೆಗೇ ಇರೋಕೆ ಒಬ್ಬರು ಬೇಕು. ಅವಳಿಗೇನಾಗಿದೆ ಅಂತ ಡಾಕ್ಟರು ಒಂದು ಹೆಸರು ಹೇಳಿದ್ರೆ ಇಲಾಖೆಯೋರು ಒಬ್ಬರನ್ನ ಕಳಿಸ್ತಾರೆ. ಹೆಸರಿಲ್ಲದೆ ಕಳಿಸಲ್ಲ. ಮುಂದಿನ ಟರ್ಮ್‌ಗೆ ಯಾರೂ ಬರದೇ ಇದ್ರೆ ನಾನಿವಳನ್ನ ಇಟ್ಕೊಳ್ಳೋಕೆ ಆಗಲ್ಲ."

ಹಾಗಾಗಿ ಮೊನ್ನೆ ಗುರುವಾರ, ಮಕ್ಕಳ ಡಾಕ್ಟರ್ ಪುಟ್ಟ ವಿಮಾನದಲ್ಲಿ ಊರಿಗೆ ಬಂದಾಗ, ನಾವು ಇಡೀ ಸಂಸಾರ ಆಸ್ಪತ್ರೆಯ ಒಂದು ಕೋಣೆಯಲ್ಲಿ ತುಂಬಿಕೊಂಡೆವು. ಡಾಕ್ಟರ್ ಆಟ್ಕಿನ್ ಸಣ್ಣ ಹೆಂಗಸು, ದೊಡ್ಡ ಬೂಟು. ಅಪ್ಪನಿಗೆ ಬೂಟು ಹಿಡಿಸಿತು.

ಅವರು ನೆಸ್ಸಾಳ ಜೊತೆ ನೆಲದ ಮೇಲೆ ಕೂತು ಆಟವಾಡಿದರು. ಆಮೇಲೆ ಅವಳ ಕಿರುಬೆರಳು ನೋಡಿದರು, ಒಳಕ್ಕೆ ಬಾಗಿದೆಯಂತೆ. ಅಂಗೈ ಗೆರೆ ನೋಡಿದರು. ಕಾಲಿನ ಹೆಬ್ಬೆರಳಿಗೂ ಪಕ್ಕದ್ದಕ್ಕೂ ನಡುವಿನ ಸಂದು ನೋಡಿದರು. ಕಿವಿ ಎಷ್ಟು ಎತ್ತರದಲ್ಲಿ ಕೂತಿದೆ ಎಂದು ನೋಡಿದರು. ಅಪ್ಪ ಮೂಲೆಯಲ್ಲಿ ನಿಂತು ಮೆಚ್ಚುಗೆಯಿಂದ ತಲೆಯಾಡಿಸುತ್ತಿದ್ದ. "ಗೊರಸಿಂದ ಶುರು ಮಾಡಿದ್ಳು. ಕೆಲ್ಸ ಗೊತ್ತಿರೋಳು," ಎಂದು ನನ್ನ ಕಿವಿಯಲ್ಲಿ ಹೇಳಿ, ಅದೇ ಉಸಿರಿನಲ್ಲಿ ಕೆಂಪಿಯ ಮರಿಯ ಭುಜಕ್ಕೆ ಯಾವ ಮುಲಾಮು ಹಚ್ಚಬೇಕೆಂದು ಹೇಳತೊಡಗಿದ.

ಅಷ್ಟರಲ್ಲಿ ಡಾಕ್ಟರ್ ತಲೆಯೆತ್ತಿ ಕೇಳಿದರು: "ಮನೆತನದಲ್ಲಿ ಯಾರಾದ್ರೂ ಹೀಗಿದ್ರಾ? ಸದ್ದಿಗೆ ಬೆದರೋದು, ಗುಂಪಿಗೆ ಸೇರದೇ ಇರೋದು?"

"ಇದ್ಳಲ್ಲ! ಇವಳ ಅಜ್ಜಿ," ಅಂದ ಅಪ್ಪ. "ತಗಡು ಬಡಿದ್ರೆ ಸಾಕು, ಬೇಲಿ ಹಾರ್ತಿದ್ಳು."

ಡಾಕ್ಟರ್ ಗಂಭೀರವಾಗಿ ಬರೆದುಕೊಳ್ಳತೊಡಗಿದರು. ಅತ್ತಿಗೆಯ ಮುಖ ಬಿಳುಚಿತು. "ಯಾವ ಅಜ್ಜಿ ಮಾವ?"

"ಕೆಂಪಿಯ ಮರಿಯ ಅಜ್ಜಿ ಕಣಮ್ಮ. ಮತ್ಯಾರ ವಿಷಯ ಮಾತಾಡ್ತಿದ್ದೀವಿ ನಾವು?"

ನಗು ತಡೆಯಲು ನಾನು ಕಿಟಕಿಯ ಪರದೆ ಕಚ್ಚಿಕೊಂಡೆ. ಡಾಕ್ಟರ್ ಬರೆದದ್ದನ್ನು ಹೊಡೆದುಹಾಕಿ, ನೆಸ್ಸಾಳ ಹಿಂದೆ ಹೋಗಿ ನಿಂತು, ನೆತ್ತಿಯ ಕೂದಲನ್ನು ಮೆಲ್ಲಗೆ ಬಿಡಿಸಿ, ತಮ್ಮಷ್ಟಕ್ಕೆ ಅಂದರು: "ಎರಡು ಸುಳಿ."

ಅಣ್ಣ, ಅಪ್ಪನ ಮುಖ ಹೇಗೆ ಇಳಿಯಿತು ಅಂದರೆ, ಗಾಳಿ ಹೋದ ಚೆಂಡು ನೋಡಿದ್ದೀಯಲ್ಲ, ಹಾಗೆ.

ಆ ಮನುಷ್ಯ ಜೀವಮಾನವಿಡೀ ಕುದುರೆಯ ಹಣೆಯ ಸುಳಿ ನೋಡಿಯೇ ಕುದುರೆ ಕೊಂಡವನು. ಕಣ್ಣುಗಳ ಮಟ್ಟದಲ್ಲಿ ಒಂದೇ ಸುಳಿ ಇದ್ದರೆ ಸಮಾಧಾನದ್ದು, ಕಣ್ಣಿಗಿಂತ ಮೇಲಿದ್ದರೆ ಬೆದರುವಂಥದ್ದು, ಎರಡಿದ್ದರೆ ಎರಡು ಮನಸ್ಸಿನದು, ಅದರ ಬೆನ್ನ ಮೇಲೆ ಕೂರುವವನು ಮೊದಲು ಪಾದ್ರಿಯನ್ನು ಕಂಡು ಬರಬೇಕು. ಎರಡು ಸುಳಿ ಕಂಡರೆ ಅಪ್ಪ ಹಲ್ಲು ಕೂಡ ನೋಡದೆ ಮುಂದೆ ಹೋಗುತ್ತಾನೆ. ಅವನು ಮುಂದೆ ಹೋದದ್ದನ್ನು ಕಂಡರೆ ಸಂತೆಯಲ್ಲಿ ಉಳಿದವರೂ ಮುಂದೆ ಹೋಗುತ್ತಾರೆ. ಈಗ ಓದಿದವಳೊಬ್ಬಳು ವಿಮಾನದಲ್ಲಿ ಹಾರಿ ಬಂದು, ಅವನ ಮೊಮ್ಮಗಳ ನೆತ್ತಿ ಬಿಡಿಸಿ, ಅವನದೇ ಮಾತು ಆಡಿದಳು.

ಅತ್ತಿಗೆ ಕೇಳಿದಳು, ಹಾಗಂದ್ರೇನು ಡಾಕ್ಟರೇ ಅಂತ. ಅವರು ಸಹನೆಯಿಂದಲೇ ಹೇಳಿದರು. ಹೊಟ್ಟೆಯಲ್ಲಿ ಮಗುವಿನ ಮಿದುಳು ಬೆಳೆಯುವ ಕಾಲಕ್ಕೇ ಕೂದಲಿನ ದಿಕ್ಕು, ಅಂಗೈಯ ಗೆರೆ ಎಲ್ಲ ಮೂಡುತ್ತವಂತೆ. ಅದಕ್ಕೇ ಇಂಥ ಸಣ್ಣ ಗುರುತುಗಳನ್ನು ನೋಡುತ್ತಾರಂತೆ. ಇಂಥ ಗುರುತುಗಳು ಹಲವು ಒಟ್ಟಿಗಿರುವುದು ಹೀಗಿರುವ ಮಕ್ಕಳಲ್ಲಿ ತುಸು ಹೆಚ್ಚಂತೆ. ಆದರೆ ಗುರುತಿದ್ದೂ ಏನೂ ಇಲ್ಲದವರೇ ಬಹಳವಂತೆ, ಒಂದೂ ಗುರುತಿಲ್ಲದೆ ಹೀಗಿರುವ ಮಕ್ಕಳೂ ಬೇಕಾದಷ್ಟಂತೆ.

"ಹಾಗಾದ್ರೆ ಹೌದೋ ಅಲ್ವೋ?" ಅಂದ ಅಪ್ಪ.

"ದೂರದಲ್ಲಿ ಹೊಗೆ ಕಂಡ್ರೆ ಕಾಡಿಗೆ ಬೆಂಕಿ ಬಿತ್ತು ಅಂತಲ್ಲ ಮಿಸ್ಟರ್ ಕಾಗ್ಲನ್. ಯಾರೋ ಟೀ ಕಾಯಿಸ್ತಿರಬಹುದು. ಆದ್ರೂ ಹೋಗಿ ನೋಡ್ಬೇಕಲ್ವಾ?"

"ಅಂದ್ರೆ ಗೊತ್ತಿಲ್ಲ."

"ಇನ್ನೂ ಗೊತ್ತಿಲ್ಲ."

"ಗೊತ್ತಿಲ್ಲ ಅನ್ನೋಕೆ ವಿಮಾನ ಯಾಕಮ್ಮ? ಅದನ್ನ ನಾನು ಕೂತಲ್ಲೇ ಹೇಳ್ತಿದ್ದೆ."

ಡಾಕ್ಟರ್ ಪಶ್ಚಿಮದ ಊರುಗಳನ್ನು ಮುಗಿಸಿಕೊಂಡು ಬರುವ ಗುರುವಾರ ಇದೇ ದಾರಿಯಲ್ಲಿ ಹಿಂದಿರುಗುತ್ತಾರೆ. ಆಗ ಶಾಲೆಯಲ್ಲೇ ನೆಸ್ಸಾಳನ್ನು ನೋಡಿ, ಟೌನ್ಸ್‌ವಿಲ್‌ಗೆ ಕರೆದೊಯ್ಯಬೇಕೋ ಬೇಡವೋ ಹೇಳುತ್ತಾರೆ. ಅಲ್ಲಿ ರಕ್ತ ನೋಡುತ್ತಾರೆ, ಇನ್ನೂ ಯಾರ್ಯಾರೋ ಪರೀಕ್ಷಿಸಿ ಹೆಸರು ಇಡುತ್ತಾರೆ.

ಅಂದಿನಿಂದ ಮನೆ ಎರಡು ಪಕ್ಷ. ಅತ್ತಿಗೆ ಹೋಗಲೇಬೇಕು ಅನ್ನುತ್ತಾಳೆ. ಅಪ್ಪ ಹೋಗಕೂಡದು ಅನ್ನುತ್ತಾನೆ. "ಕಾದ ಕಬ್ಬಿಣದ ಬರೆ ಒಂದ್ ಸಲ ಬಿದ್ರೆ ಮುಗೀತು ಕ್ಯಾರಿನ್. ಮುದಿಯಾಗಿ ಸತ್ರೂ ಚರ್ಮದ ಮೇಲಿಂದ ಹೋಗಲ್ಲ." "ಬರೆ ಇಲ್ಲದ ಕರು ಯಾರ ಬೇಲಿಯೊಳಗೂ ಸೇರಲ್ಲ ಮಾವ, ರಸ್ತೆಗೆ ಓಡತ್ತೆ!" ಅಂದಳು ಅತ್ತಿಗೆ. ಇಬ್ಬರ ಮಾತೂ ನನಗೆ ಸರಿ ಅನ್ನಿಸಿತು. ಎರಡು ಮಾತೂ ಸರಿ ಅನ್ನಿಸಿದಾಗ ನಾನು ಏನು ಮಾಡುತ್ತೇನೆಂದು ನಿನಗೆ ಗೊತ್ತಿದೆ. ಕೋತಿಯಾಟ.

ಇವತ್ತು ಪೂಜೆ ಮುಗಿದ ಮೇಲೆ ಚರ್ಚಿನ ಹಾಲ್‌ನಲ್ಲಿ, ಟೀ ಮತ್ತು ಕೊಬ್ಬರಿ ಕೇಕಿನ ಸನ್ನಿಧಿಯಲ್ಲಿ, ಘನ ಸುಳಿ ವಿಚಾರಣಾ ಆಯೋಗವನ್ನು ಸ್ಥಾಪಿಸಿದೆ. ಅಧ್ಯಕ್ಷೆ ನಾನು. ಬಂದವರೆಲ್ಲ ಆಯೋಗದ ಮುಂದೆ ತಲೆ ಬಾಗಬೇಕು. ಊರಿನ ಸಾರ್ಜೆಂಟ್‌ಗೆ ಎರಡು ಸುಳಿ. ಮಿಸ್ ಲಸ್ಕಂಬ್ ಮೊದಲು ಗದರಿಸಿದರು, ಆಮೇಲೆ ಬಾಗಿದರು. ಎರಡು! ದನ ಹರಾಜು ಕೂಗುವವನಿಗೆ ಮೂರು, ಹಾಗಾಗಿಯೇ ಇರಬೇಕು ಅವನು ಒಂದೇ ಉಸಿರಿಗೆ ಮೂವರ ಜೊತೆ ಮಾತಾಡುವುದು. ಫಾದರ್ ಬ್ರಾನಕ್ ಅವರದು ಪೂರ್ತಿ ಬೋಳು. "ಆಯೋಗ ಬರುವ ಮೊದಲೇ ಸಾಕ್ಷ್ಯನಾಶ ನಡೆದಿದೆ," ಎಂದು ದಾಖಲಿಸಿದೆ. "ನನ್ನ ಸಾಕ್ಷ್ಯ ನೇರ ದೇವರ ಹತ್ತಿರ ಹೋಗಿದೆ ಮಗಳೇ, ಅಲ್ಲೇ ವಿಚಾರಿಸ್ಕೋ," ಅಂದರು ಅವರು. ಅತ್ತಿಗೆ ಕೂಡ ನಕ್ಕಳು, ಬಹಳ ದಿನದ ಮೇಲೆ.

ಅಪ್ಪ ನಗಲಿಲ್ಲ. ಟೀ ಕಪ್ಪನ್ನು ಅರ್ಧಕ್ಕೇ ಇಟ್ಟು ಹೊರಗೆ ಹೋಗಿ ಜೀಪಿನಲ್ಲಿ ಕೂತ. ನೆಸ್ಸಾ ಹೋಗಿ ಅವನ ಬೂಟಿನ ಮೇಲೆ ಕೂತಳು, ದಿನಾ ಲಾಯದಲ್ಲಿ ಕೂರುವ ಹಾಗೆ. ಅವನ ಕಾಲನ್ನು ತಬ್ಬಿಕೊಂಡು ದರಪಟ್ಟಿ ಹೇಳುತ್ತಿದ್ದಳು. ಅಪ್ಪ ಬಾಗಿ ಅವಳ ನೆತ್ತಿಯನ್ನೇ ನೋಡುತ್ತಿದ್ದ.

ಗುರುವಾರ ಡಾಕ್ಟರ್ ಬಂದು ಹೋದ ಮೇಲೆ ಮುಂದುವರಿಸುತ್ತೇನೆ.

ಗುರುವಾರ, ಸಂಜೆ

ಅಣ್ಣ, ಈ ಭಾಗವನ್ನು ಕೂತು ಓದು. ಕೈಯಲ್ಲಿ ಕುದಿಯುವ ಪಾತ್ರೆ ಇದ್ದರೆ ಕೆಳಗಿಡು.

ಇವತ್ತು ಬೆಳಿಗ್ಗೆ ಲಾಯದ ಕಡೆಯಿಂದ ಕಿರುಚಾಟ ಕೇಳಿತು. ನಾನು ಓಡಿ ಹೋಗುವಷ್ಟರಲ್ಲಿ ಜೀನು ಇಡುವ ಕೋಣೆಯಲ್ಲಿ ನೆಸ್ಸಾ ಹೊಟ್ಟಿನ ಡಬ್ಬದ ಹಿಂದೆ ಮುದುಡಿ ಕೂತಿದ್ದಳು. ಅರ್ಧ ತಲೆ ಬರೀ ಮೋಟುಗೂದಲು, ಇನ್ನರ್ಧ ಹಾಗೇ. ಅಪ್ಪ ನೆಲದ ಮೇಲೆ ಮಂಡಿಯೂರಿದ್ದ. ಒಂದು ಕೈಯಲ್ಲಿ ಕುದುರೆಯ ಕೂದಲು ಕತ್ತರಿಸುವ ಹಳೇ ಕೈಮೆಷಿನ್ನು, ಇನ್ನೊಂದು ಕೈಯ ಹೆಬ್ಬೆರಳಲ್ಲಿ ರಕ್ತ. ಕಚ್ಚಿದ್ದಳು.

ನನ್ನ ಹಿಂದೆಯೇ ಅತ್ತಿಗೆ ಬಂದಳು. "ಏನ್ ಮಾಡಿದ್ರಿ ಮಾವ! ಕಿವಿ ಹತ್ರ ಮೆಷಿನ್ ಸದ್ದಾದ್ರೆ ಅವಳು ಸಾಯ್ತಾಳೆ ಅಂತ ನಿಮಗ್ ಗೊತ್ತಿಲ್ವಾ?"

"ಗೊತ್ತು."

"ಮತ್ಯಾಕೆ?"

ಅಪ್ಪ ಮೆಷಿನ್ನನ್ನೇ ನೋಡುತ್ತ ಹೇಳಿದ: "ಅವಳನ್ನ ಅವರು ಓದೋದು ಬೇಡ."

ಮೊದಲು ಅರ್ಥವಾಗಲಿಲ್ಲ, ಆಮೇಲೆ ಆಯಿತು. ಸಂತೆಯ ದಲ್ಲಾಳಿಗಳು ಸುಳಿ ಕೆಟ್ಟ ಕುದುರೆ ಮಾರುವ ಮೊದಲು ಏನು ಮಾಡುತ್ತಾರೆಂದು ನಿನಗೂ ಗೊತ್ತಲ್ಲ. ಹಣೆಯ ಕೂದಲು ಬೋಳಿಸಿ, ಮೇಲೆ ಅಗಲವಾದ ಹಣೆಪಟ್ಟಿ ಕಟ್ಟಿ, ಗಾಯವಾಗಿತ್ತು ಸಾರ್ ಅನ್ನುತ್ತಾರೆ. ಅಂಥವರನ್ನು ಕಂಡರೆ ಅಪ್ಪ ಉಗಿಯುತ್ತಿದ್ದ. ಒಬ್ಬನನ್ನಂತೂ ನೀರಿನ ತೊಟ್ಟಿಗೇ ತಳ್ಳಿದ್ದ. ಅದೇ ಅಪ್ಪ ಅದೇ ದಗಾಕೋರರ ಕೆಲಸವನ್ನು ಸ್ವಂತ ಮೊಮ್ಮಗಳ ತಲೆಗೆ ಮಾಡಿ ಕೂತಿದ್ದ.

"ಕೂದಲಿಗೂ ಅವಳ ಕಷ್ಟಕ್ಕೂ ಸಂಬಂಧ ಏನ್ ಮಾವ?" ಅತ್ತಿಗೆ ಈಗ ಅಳುತ್ತಿದ್ದಳು. "ಸುಳಿ ಮುಚ್ಚಿದ್ರೆ ಅವಳು ರಸ್ತೆಗೆ ಓಡೋದು ನಿಲ್ಲತ್ತಾ?"

"ಸುಳಿ ನೋಡಿದ ಮೇಲೆ ಕುದುರೆ ಓಡಿದ್ದನ್ನ ಯಾರೂ ನೋಡಲ್ಲ ಕ್ಯಾರಿನ್. ನಾನೇ ನೋಡಿಲ್ಲ. ಎಷ್ಟು ಒಳ್ಳೇ ಕುದುರೆ ಬಿಟ್ಟು ಬಂದಿದೀನೋ, ಒಂದಾದ್ರೂ ಓಡ್ಸಿ ನೋಡಿದ್ದೀನಾ?"

ಡಬ್ಬದ ಹಿಂದಿನಿಂದ ಸಣ್ಣ ದನಿ ಬಂತು: "ಇಳಿಮುಖ. ಇಳಿಮುಖ. ಇಳಿಮುಖ."

ನಾನು ಆ ಹೊತ್ತಿಗೆ ಒಂದು ತಮಾಷೆ ಹುಡುಕಿದೆ ಅಣ್ಣ, ಆಣೆಗೂ. ಸಿಗಲಿಲ್ಲ.

ಉಳಿದರ್ಧವನ್ನು ಕತ್ತರಿಸಲು ಅವಳು ಬಿಡಲಿಲ್ಲ. ಹಾಗೇ ಟೋಪಿ ಹಾಕಿ ಶಾಲೆಗೆ ಕರೆದೊಯ್ದೆವು. ಡಾಕ್ಟರ್ ಬಂದಾಗ ನೆಸ್ಸಾ ಸೆಖೆಗೆ ಟೋಪಿಯನ್ನು ತಾನೇ ಕಿತ್ತೆಸೆದಳು. ಎಂಥ ಪ್ರಾರಬ್ಧ ನೋಡು: ಕೂದಲು ಹೋದ ಕಡೆಯೇ ಸುಳಿ ಎದ್ದು ಕಾಣುತ್ತಿತ್ತು. ಮೊದಲು ಬಿಡಿಸಿ ನೋಡಬೇಕಿತ್ತು, ಈಗ ಬಾಗಿಲಿಂದಲೇ ಕಾಣುತ್ತದೆ, ನಕಾಶೆಯಲ್ಲಿ ಚಂಡಮಾರುತ ಬರೆದ ಹಾಗೆ. ಅಪ್ಪ ಅದನ್ನು ಕಂಡವನೇ ಗೋಡೆಗೆ ಒರಗಿದ.

ಡಾಕ್ಟರ್ ಅವಳ ತಲೆ ನೋಡಿದರು, ಅಪ್ಪನ ಹೆಬ್ಬೆರಳಿನ ಬಟ್ಟೆ ನೋಡಿದರು. ಮಧ್ಯಾಹ್ನದವರೆಗೂ ತರಗತಿಯ ಹಿಂದೆ ಮಕ್ಕಳ ಕುರ್ಚಿಯಲ್ಲಿ ಮಂಡಿ ಮಡಚಿ ಕೂತು ನೆಸ್ಸಾ ಸೀಮೆಸುಣ್ಣ ಜೋಡಿಸುವುದನ್ನು, ಗಂಟೆಗೆ ಓಡುವುದನ್ನು, ಸಾರ್ಜೆಂಟನ ಮಗ ಕರೆದರೂ ತಿರುಗದೇ ಇರುವುದನ್ನು ನೋಡಿದರು. ದರಪಟ್ಟಿಯನ್ನು ಪೂರ್ತಿ ಕೇಳಿಸಿಕೊಂಡರು. ಕೊನೆಗೆ ಟೌನ್ಸ್‌ವಿಲ್‌ಗೆ ಕರೆತನ್ನಿ ಅಂದರು.

"ಎರಡು ಸುಳಿ ಅಂತ ಬರೀತೀರಾ?" ಅಪ್ಪ ಟೋಪಿ ಕೈಯಲ್ಲಿ ಹಿಡಿದು ಕೇಳಿದ. ಅವನು ಪಾದ್ರಿಗಲ್ಲದೆ ಬೇರೆಯವರಿಗೆ ಟೋಪಿ ತೆಗೆದದ್ದನ್ನು ನಾನು ಕಂಡಿರಲಿಲ್ಲ.

"ಬರೀತೀನಿ. ಕೊನೇ ಸಾಲಲ್ಲಿ."

"ಮೊದಲನೇ ಸಾಲಲ್ಲಿ?"

"ಇಡೀ ಜಿಲ್ಲೆಯ ದನದ ದರ ಬಾಯಿಪಾಠ ಅಂತ."

ಅಪ್ಪ ತಲೆಯಾಡಿಸಿದ. ಒಪ್ಪಿದನೋ ಬಿಟ್ಟನೋ ತಿಳಿಯಲಿಲ್ಲ. ಜೀಪಿನಲ್ಲಿ ಬರುವಾಗ "ಕೊನೇ ಸಾಲನ್ನೇ ಜನ ಮೊದ್ಲು ಓದೋದು" ಅಂದ. ನನಗೆ ಅದೂ ಸರಿ ಅನ್ನಿಸಿತು. ಡಾಕ್ಟರ್ ಹೇಳಿದ್ದೂ ಸರಿ ಅನ್ನಿಸಿತು. ಮೈಯ ಮೇಲೆ ಬರೆದದ್ದು ಒಳಗಿನದಕ್ಕೆ ಮುನ್ನುಡಿಯೋ, ಬೇರೆ ಯಾರದೋ ಪುಸ್ತಕದ ಹಾಳೆ ಗಾಳಿಗೆ ಬಂದು ಅಂಟಿಕೊಂಡದ್ದೋ? ಸುಳಿ ಸುಳ್ಳಾದರೆ ಡಾಕ್ಟರ್ ಯಾಕೆ ನೋಡಬೇಕಿತ್ತು? ನಿಜವಾದರೆ ಸಾರ್ಜೆಂಟ್ ಯಾಕೆ ಸಾರ್ಜೆಂಟ್? ಆಯೋಗ ತನ್ನ ವರದಿಯನ್ನು ಸಲ್ಲಿಸಲಾರದೆ ವಿಸರ್ಜನೆಗೊಂಡಿದೆ.

ಶಾಲೆಯಿಂದ ಬಂದ ಮೇಲೆ ನೆಸ್ಸಾ ಲಾಯದ ಬಾಗಿಲವರೆಗೆ ಬಂದು ನಿಂತಳು. ಒಳಗೆ ಅಪ್ಪ ಇದ್ದದ್ದು ಕಂಡು ಹೆಜ್ಜೆ ಮುಂದಿಡಲಿಲ್ಲ. ಅಪ್ಪ ಅವಳು ಆಡುವ ಹಳೇ ಬಕಲ್‌ಗಳ ಡಬ್ಬವನ್ನು ಬಾಗಿಲ ಹತ್ತಿರ ಇಟ್ಟು, ತಾನು ಹಿಂದಿನಿಂದ ಹೊರಗೆ ಹೋಗಿ ಬಿಸಿಲಲ್ಲಿ ನಿಂತ.

ನಿನ್ನಿಂದ ಬೇಕಾದ್ದು ಒಂದೇ ಮಾತು. ಟೌನ್ಸ್‌ವಿಲ್‌ಗೆ ಹೋಗಲಿ ಅನ್ನುತ್ತೀಯೋ, ಬೇಡ ಅನ್ನುತ್ತೀಯೋ? ಅತ್ತಿಗೆ ನೀನು ಬೇಡವೆಂದರೂ ಹೋಗುತ್ತಾಳೆ, ಅವಳ ಹಟದ ಮುಖ ನೋಡಿದರೆ ಗೊತ್ತಾಗುತ್ತದೆ. ಆದರೆ ನೀನು ಹೋಗು ಅಂದರೆ ಅವಳು ಒಬ್ಬಳೇ ಹೋದಂತಾಗುವುದಿಲ್ಲ. ರೇಡಿಯೋದಲ್ಲಿ "ಏರುಮುಖ" ಎಂದಷ್ಟೇ ಹೇಳು. ಕೊಲ್ಲಿಯವರೆಲ್ಲ ದನದ ದರ ಅಂದುಕೊಳ್ಳಲಿ.

ಇನ್ನು, ವಯಸ್ಸಿನಲ್ಲಿ ಚಿಕ್ಕವಳಾದರೂ ಜ್ಞಾನದಲ್ಲಿ ವೃದ್ಧೆಯಾದ ನಾನು ನಿನಗೆ ಆಶೀರ್ವಾದ ಮಾಡುತ್ತಿದ್ದೇನೆ, ತಲೆ ಬಾಗಿಸು. ನಿನ್ನ ಬಲೆ ತುಂಬಲಿ, ಹರಿಯದಿರಲಿ. ಮೊಸಳೆಗಳಿಗೆ ನಿನ್ನ ಅಡುಗೆಯ ವಾಸನೆ ಬಡಿದು ಅವು ದೂರವೇ ಇರಲಿ. ನಿನ್ನ ಮಗಳು ಯಾವ ಹೆಸರಿನಿಂದಲಾದರೂ ಚೆನ್ನಾಗಿರಲಿ. ನೀನು ಬೇಗ ಬಾ.

ಇಂತಿ ನಿನ್ನ,
ಬ್ರೈಡಿ
(ಮಾಜಿ ಅಧ್ಯಕ್ಷೆ)

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ಬೆಳಿಗ್ಗೆ ಅತ್ತಿಗೆ ನೆಸ್ಸಾಳನ್ನು ಮನೆಯೊಳಗೆ ಕರೆದುಕೊಂಡು ಹೋದ ಮೇಲೆ ನಾನೂ ಅಪ್ಪನೂ ಆ ಕೋಣೆಯ ಕೂದಲು ಗುಡಿಸಿದೆವು. ಗುಡಿಸುತ್ತ ಅವನು ತನ್ನಷ್ಟಕ್ಕೆ ಅಂದ: "ನಿಂದು ಕತ್ತರಿಸಿದಾಗ ನೀನು ಅಳ್ಲಿಲ್ಲ. ಕನ್ನಡಿ ನೋಡಿ ನಕ್ಕಿದ್ದೆ."

ನಾನು ಶಾಲೆಗೆ ಸೇರಿದ ವರ್ಷ ನನ್ನ ತಲೆ ಬೋಳಿಸಿದ್ದು ಹುಳುಕಡ್ಡಿಗೆ ಎಂದಲ್ಲವೇ ನಮಗೆ ಹೇಳಿದ್ದು? ಹುಳುಕಡ್ಡಿ ಇರಲೇ ಇಲ್ಲವಂತೆ ಅಣ್ಣ. ನನ್ನ ತಲೆ ನನಗೆ ಕಾಣುವುದಿಲ್ಲ. ಎರಡು ಕನ್ನಡಿ ಹಿಡಿದರೆ ಕಾಣುತ್ತದೆ, ಹಿಡಿದು, ಕಣ್ಣು ಮುಚ್ಚಿಕೊಂಡೆ. ಹತ್ತು ತುಂಬುವ ಮೊದಲೇ ನಿನ್ನನ್ನು ಪಳಗದ ಕುದುರೆಯ ಮೇಲೆ ಕೂರಿಸಿದ ಅಪ್ಪ, ನನಗೆ ಹತ್ತೊಂಬತ್ತಾದರೂ "ನೀನು ಗೇಟು ತೆಗಿ" ಅನ್ನುತ್ತಾನೆ. ಹೆಣ್ಣೆಂದು ಇರಬೇಕು, ಕೋತಿ ಬುದ್ಧಿಯವಳೆಂದು ಇರಬೇಕು ಅಂದುಕೊಂಡಿದ್ದೆ. ಗೇಟಿನ ಹತ್ತಿರ ನಿಂತವಳಿಗೆ ಬೇರೆ ಕೆಲಸವಿಲ್ಲದೆ ಎಲ್ಲರನ್ನೂ ನಗಿಸುತ್ತಿದ್ದೆ.

ಅಮ್ಮ ಹೋದ ಮೇಲೆ ನನಗೆ ಜಡೆ ಹಾಕಿದವನು ನೀನು. ನನ್ನ ನೆತ್ತಿ ದಿನಾ ನೋಡಿದವನು ನೀನೊಬ್ಬನೇ. ಎಷ್ಟು ಸುಳಿ ಎಂದು ಹೇಳಬೇಡ, ಅದು ನನಗೆ ಬೇಡ. ಇದೊಂದು ಹೇಳು, ರೇಡಿಯೋದಲ್ಲಿ ಅಲ್ಲ, ಕಾಗದದಲ್ಲಿ: ನನ್ನ ತಮಾಷೆಗಳಿಗೆ ಇಷ್ಟು ವರ್ಷ ನೀನು ನಕ್ಕದ್ದು ನಗು ಬಂದು ತಾನೇ?